ಮರುಭೂಮಿಯ ಇಕ್ಕಟ್ಟು ಕಮರಿಯಲ್ಲಿ ಒಂದು ಸಣ್ಣ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮರುಭೂಮಿಯ ಕಮರಿಯೊಳಗೆ ನಡೆದು ಬರಬೇಕು ಅಂದುಕೊಂಡವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ. ಮೊದಲ ಸಲ ಹೋಗುವವರ ಪ್ರಶ್ನೆಗಳು ಮುಂದಿವೆ, ಪಳಗಿದವರದು ಕೊನೆಗಿವೆ. ಓದುವಾಗ ಒಂದು ಸಂಗತಿ ಮನಸ್ಸಿನಲ್ಲಿರಲಿ. ನೀರಿಲ್ಲದ ದಿನ ಹೋಗುವುದರಿಂದ ನಾವು ಅದನ್ನು ದಾರಿ ಅನ್ನುತ್ತೇವೆ, ಆದರೆ ಅದು ಹೊಳೆಯ ಪಾತ್ರ. ಮುಂದಿನ ಬಹುಪಾಲು ಉತ್ತರಗಳು ಇದರಿಂದಲೇ ಹುಟ್ಟಿವೆ.

## ಮೊದಲ ಸಲ ಹೊರಟವರಿಗೆ

ಮರುಭೂಮಿ ಅಂದರೆ ಮರಳು ಅಲ್ವಾ, ಅಲ್ಲಿ ಕಮರಿ ಹೇಗೆ ಹುಟ್ಟಿತು?

ಜಗತ್ತಿನ ಮರುಭೂಮಿಗಳಲ್ಲಿ ಮರಳ ದಿಬ್ಬಗಳಿಗಿಂತ ಬರಿಯ ಬಂಡೆ, ಜಲ್ಲಿನೆಲವೇ ಹೆಚ್ಚು. ಅಂಥ ನೆಲದಲ್ಲಿ ಮಳೆ ಅಪರೂಪ, ಆದರೆ ಬಿದ್ದ ನೀರನ್ನು ಹಿಡಿದಿಡಲು ಮಣ್ಣೂ ಇಲ್ಲ, ಹುಲ್ಲೂ ಇಲ್ಲ. ಸುರಿದದ್ದೆಲ್ಲ ಒಟ್ಟಿಗೇ ಇಳಿಜಾರಿಗೆ ನುಗ್ಗುತ್ತದೆ. ಹಾಗೆ ನುಗ್ಗುವ ನೀರು ಮರಳು, ಬೆಣಚುಕಲ್ಲುಗಳನ್ನು ಹೊತ್ತು ತರುತ್ತದೆ. ಬಂಡೆಯನ್ನು ಉಜ್ಜಿ ಸವೆಸುವುದು ಈ ಮರಳು. ಮೊದಲು ಬಂಡೆಯಲ್ಲಿದ್ದ ಒಂದು ಬಿರುಕಿನಲ್ಲಿ ನೀರು ಇಳಿಯುತ್ತದೆ, ಆಮೇಲೆ ಪ್ರತಿ ಪ್ರವಾಹವೂ ಅದನ್ನೇ ಇನ್ನಷ್ಟು ಆಳ ಮಾಡುತ್ತದೆ.

ಅದು ಅಗಲವಾಗದೆ ಇಕ್ಕಟ್ಟಾಗಿಯೇ ಉಳಿಯಲು ಕಾರಣವಿದೆ. ಮಳೆ ಹೆಚ್ಚಿರುವ ಕಡೆ ತೇವ, ಬೇರು, ಮಣ್ಣು ಜಾರುವುದು ಎಲ್ಲ ಸೇರಿ ದಂಡೆಗಳನ್ನೂ ಒಡೆಯುತ್ತವೆ, ಕಣಿವೆ ಬಾಯ್ದೆರೆಯುತ್ತದೆ. ಮರುಭೂಮಿಯಲ್ಲಿ ಗೋಡೆಗಳು ಒಣಗಿ ಗಟ್ಟಿಯಾಗಿ ನಿಂತಿರುತ್ತವೆ, ತಳ ಮಾತ್ರ ಕೊರೆಯುತ್ತಾ ಹೋಗುತ್ತದೆ.

ಕಲ್ಲಿನ ಜಾತಿಗೆ ತಕ್ಕಂತೆ ಕಮರಿಯ ರೂಪವೂ ಬೇರೆ. ಅಮೆರಿಕದ ಅರಿಜೋನಾದ ಆಂಟಲೋಪ್ ಕಮರಿ ನವಾಹೊ ಮರಳುಗಲ್ಲಿನದು. ಜುರಾಸಿಕ್ ಕಾಲದ ಮರಳ ದಿಬ್ಬಗಳೇ ಕಲ್ಲಾಗಿ ಗಟ್ಟಿಗೊಂಡದ್ದು ಅದು. ಗೋಡೆಯ ಮೇಲೆ ಓರೆಯಾಗಿ ಹರಿದಿರುವ ಸಣ್ಣ ಗೆರೆಗಳು ಅಂದಿನ ಗಾಳಿ ಪದರ ಪದರವಾಗಿ ಹಾಸಿದ ಮರಳು. ಆಸ್ಟ್ರೇಲಿಯಾದ ನಡುಭಾಗದಲ್ಲಿರುವ ಸ್ಟ್ಯಾಂಡ್ಲಿ ಕಮರಿಯ ಕಥೆಯೇ ಬೇರೆ. ಗಡುಸಾದ ಕ್ವಾರ್ಟ್ಜೈಟ್ ಬಂಡೆಯ ಬಿರುಕಿಗೆ ಹಿಂದೊಮ್ಮೆ ಡಾಲರೈಟ್ ಎಂಬ ಕಲ್ಲು ಕರಗಿ ನುಗ್ಗಿತ್ತು. ಮೆದುವಾದ ಆ ಡಾಲರೈಟನ್ನು ನೀರು ತೊಳೆದು ಒಯ್ದಿತು, ಖಾಲಿಯಾದ ಸೀಳು ಕಮರಿಯಾಯಿತು.

ಒಂದೆರಡು ಕಿಲೋಮೀಟರ್ ನಡೆಯೋಕೆ ಇಷ್ಟೊಂದು ತಯಾರಿ ಬೇಕಾ?

ದೂರದ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ಸಡಿಲ ಜಲ್ಲಿಯ ಮೇಲೆ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ನುಣುಪಾದ ಕಲ್ಲಿನ ಮೆಟ್ಟಿಲು ಹತ್ತುವಾಗ ಕೈಯೂ ಬೇಕಾಗುತ್ತದೆ. ಎದುರಿಗೆ ಬಂದವರಿಗೆ ಜಾಗ ಬಿಡಲು ಕಾಯಬೇಕು. ನೋಡುತ್ತಾ ನಿಲ್ಲುವ ಹೊತ್ತನ್ನೂ ಸೇರಿಸಿಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಬೇಕಾಗುವ ಸಮಯದ ಎರಡರಷ್ಟನ್ನಾದರೂ ಇಟ್ಟುಕೊಂಡು ಹೊರಡಿ.

ಜೋರ್ಡಾನಿನ ಪೆಟ್ರಾಕ್ಕೆ ಹೋಗುವ ಸೀಕ್ ಕಮರಿ ಸುಮಾರು 1.2 ಕಿ.ಮೀ. ಉದ್ದ, ನಡೆಯಲು ಸುಲಭ. ಆದರೆ ಅದು ಮುಗಿದ ಮೇಲೆ ಬಂಡೆಯಲ್ಲಿ ಕೊರೆದ ಇಡೀ ಊರೇ ಎದುರಾಗುತ್ತದೆ. ಅದನ್ನೆಲ್ಲ ಸುತ್ತಿ ದಣಿದ ಕಾಲಲ್ಲಿ ಅದೇ ಸೀಕ್ ಅನ್ನು ವಾಪಸ್ ಏರಬೇಕು. ಹೋಗುವಾಗ ಗೊತ್ತೇ ಆಗದ ಇಳಿಜಾರು ಬರುವಾಗ ಚೆನ್ನಾಗಿ ಗೊತ್ತಾಗುತ್ತದೆ.

ಮೊದಲ ಸಲಕ್ಕೆ ಯಾವುದು ಒಳ್ಳೇದು, ಹೇಳ್ತೀರಾ?

ನನ್ನ ಆಯ್ಕೆ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಮೊಸಾಯಿಕ್ ಕಮರಿ. ಬಾಯಿಯಿಂದ ಸ್ವಲ್ಪ ದೂರ ಹೋಗುವಷ್ಟರಲ್ಲೇ ಗೋಡೆಗಳು ಹತ್ತಿರ ಬರುತ್ತವೆ. ತಳದಲ್ಲಿ ಹಾಲುಬಣ್ಣದ ಅಮೃತಶಿಲೆ ನೀರಿಗೆ ಸವೆದು, ಅಂಗೈ ಇಟ್ಟರೆ ಜಾರುವಷ್ಟು ನಯವಾಗಿದೆ. ಅದರ ಪಕ್ಕದಲ್ಲೇ ಬೇರೆ ಬೇರೆ ಬಣ್ಣದ ಮೊನಚು ಕಲ್ಲುಚೂರುಗಳು ಒಂದಕ್ಕೊಂದು ಬೆಸೆದುಕೊಂಡ ಗೋಡೆಯಿದೆ. ಬೂದು, ಕಪ್ಪು, ಕಂದು, ಬಿಳಿ ಚೂರುಗಳೆಲ್ಲ ಒಂದೇ ಮಟ್ಟಕ್ಕೆ ಸವೆದಿವೆ. ಕಮರಿಗೆ ಆ ಹೆಸರು ಬಂದದ್ದು ಇದರಿಂದಲೇ. ಕೊನೆಯ ಒಣ ಜಲಪಾತದವರೆಗೆ ಹೋಗಿ ಬಂದರೆ ಸುಮಾರು 6.5 ಕಿ.ಮೀ. ಆಗುತ್ತದೆ. ಆದರೆ ನೋಡಲೇಬೇಕಾದದ್ದು ಮೊದಲ ಭಾಗದಲ್ಲೇ ಸಿಗುವುದರಿಂದ, ಕಷ್ಟವಾದ ಕಡೆಯಿಂದ ಹಿಂದಿರುಗಿದರೂ ಏನೂ ಕಳೆದುಕೊಂಡಂತಾಗುವುದಿಲ್ಲ. ಹೊಸಬರಿಗೆ ಅದೇ ಅನುಕೂಲ.

ನಮೀಬಿಯಾದ ಸೆಸ್ರಿಯೆಮ್ ಕೂಡ ಒಳ್ಳೆಯದು. ಸುಮಾರು ಒಂದು ಕಿಲೋಮೀಟರ್ ಉದ್ದ, 30 ಮೀಟರಿನಷ್ಟು ಆಳ. ತ್ಸೌಚಾಬ್ ಹೊಳೆ ಕೊರೆದದ್ದು. ಆಂಟಲೋಪ್‌ಗೆ ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ಮಾರ್ಗದರ್ಶಕರ ಜೊತೆಗಷ್ಟೇ ಪ್ರವೇಶ. ಸ್ವಂತವಾಗಿ ನಿಧಾನಕ್ಕೆ ನೋಡುತ್ತಾ ಹೋಗಬೇಕು ಅನ್ನುವವರು ಇದನ್ನು ಮೊದಲೇ ತಿಳಿದಿರಬೇಕು.

ಎಷ್ಟು ನೀರು ಹೊರಬೇಕು?

ಮರುಭೂಮಿಯಲ್ಲಿ ನಡೆಯುವವರಿಗೆ ದಿನಕ್ಕೆ ತಲೆಗೆ 4 ಲೀಟರ್ ಅನ್ನುವುದು ಸಾಮಾನ್ಯ ಸಲಹೆ. ಎರಡು ಗಂಟೆಯ ನಡಿಗೆಗೂ 2 ಲೀಟರಿಗಿಂತ ಕಡಿಮೆ ಬೇಡ. ಉಳಿದದ್ದು ಗಾಡಿಯಲ್ಲಿರಲಿ. ಒಣಗಾಳಿಯಲ್ಲಿ ಬೆವರು ಬಂದ ಹಾಗೇ ಆರಿಹೋಗುತ್ತದೆ, ಮೈ ಒದ್ದೆಯಾಗದ್ದರಿಂದ ಎಷ್ಟು ನೀರು ಕಳೆದುಕೊಂಡೆವು ಅನ್ನುವುದೇ ತಿಳಿಯುವುದಿಲ್ಲ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತಲೆಸುತ್ತು, ವಾಕರಿಕೆ ಬರಬಹುದು. ಹಾಗಾಗಿ ಉಪ್ಪಿನ ತಿಂಡಿಯೋ ಓಆರ್‌ಎಸ್ ಪುಡಿಯೋ ಜೊತೆಗಿರಲಿ. ತಂದ ನೀರಿನಲ್ಲಿ ಅರ್ಧ ಮುಗಿಯುವ ಮೊದಲೇ ಹಿಂದೆ ತಿರುಗಿ.

ಕಮರಿಯೊಳಗೆ ನೆರಳು ಇರುತ್ತಲ್ಲ, ಬಿಸಿಲಿಗೆ ಯಾಕೆ ಹೆದರಬೇಕು?

ಇಕ್ಕಟ್ಟಿನ ಜಾಗದಲ್ಲಿ ನೆರಳಿರುವುದು ನಿಜ, ಆದರೆ ಅಲ್ಲಿಗೆ ಹೋಗುವ ಬಯಲು ದಾರಿಯಲ್ಲಿ ಇರುವುದಿಲ್ಲ. ನಡುಹಗಲಲ್ಲಿ ಸೂರ್ಯ ನೇರ ನೆತ್ತಿಗೆ ಬಂದಾಗ ಒಳಗೂ ನೆರಳು ಉಳಿಯುವುದಿಲ್ಲ. ಬಿಸಿಲು ಕುಡಿದ ಗೋಡೆಗಳು ಸಂಜೆಯವರೆಗೂ ಕಾವು ಉಗುಳುತ್ತಿರುತ್ತವೆ. ಡೆತ್ ವ್ಯಾಲಿಯಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಬೇಸಿಗೆಯಲ್ಲಿ ಬೆಳಗ್ಗೆ ಹತ್ತರ ನಂತರ ತಗ್ಗು ಪ್ರದೇಶದಲ್ಲಿ ನಡೆಯಬೇಡಿ ಎಂದು ಅಲ್ಲಿನ ಉದ್ಯಾನದವರು ಹೇಳುತ್ತಾರೆ.

ಜೊತೆಗಿದ್ದವರು ತೊದಲಿದರೆ, ದಾರಿಯ ಬಗ್ಗೆ ಗಲಿಬಿಲಿಗೊಂಡರೆ, ಮೈ ಸುಡುತ್ತಿದ್ದರೆ ಅದನ್ನು ಬರೀ ದಣಿವು ಅಂದುಕೊಳ್ಳಬೇಡಿ. ಅದು ಬಿಸಿಲಾಘಾತ, ಜೀವಕ್ಕೇ ಅಪಾಯ. ನೆರಳಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ, ಕೂಡಲೇ ಸಹಾಯಕ್ಕೆ ಕಳಿಸಿ.

ಚಪ್ಪಲಿ ಸಾಕಾ?

ಸಾಲದು. ಬೆರಳು ಮುಚ್ಚುವ, ತಳ ಹಿಡಿತ ಕೊಡುವ ಶೂ ಬೇಕು. ಮರಳು ಹೊಳಪು ಕೊಟ್ಟ ಅಮೃತಶಿಲೆಯ ಮೇಲೆ ಸವೆದ ತಳದ ಶೂ ಕೂಡ ಜಾರುತ್ತದೆ.

## ನೀರು, ಮಳೆ, ಪ್ರವಾಹ

ಆಕಾಶ ನೀಲಿಯಾಗಿದೆ, ಒಂದು ಮೋಡ ಇಲ್ಲ. ಆದರೂ ಬೇಡ ಅಂತೀರಲ್ಲ, ಯಾಕೆ?

ಕಮರಿಯೊಳಗಿಂದ ನಿಮಗೆ ಕಾಣುವುದು ಆಕಾಶದ ಒಂದು ಪಟ್ಟಿ ಮಾತ್ರ. ನೀರು ಬರುವುದು ಆ ಪಟ್ಟಿಯಿಂದಲ್ಲ, ಹೊಳೆಯ ಮೇಲ್ಭಾಗದ ಇಡೀ ಜಲಾನಯನದಿಂದ. ಅದು ಹತ್ತಾರು ಕಿಲೋಮೀಟರ್ ಆಚೆಗೂ ಹರಡಿರಬಹುದು.

1997ರ ಆಗಸ್ಟ್ 12ರಂದು ಕೆಳಗಿನ ಆಂಟಲೋಪ್ ಕಮರಿಯಲ್ಲಿ 11 ಪ್ರವಾಸಿಗರು ಸತ್ತರು. ಕಮರಿಯ ಮೇಲೆ ಬಿದ್ದ ಮಳೆ ತೀರಾ ಕಡಿಮೆ. ಗುಡುಗುಮಳೆ ಸುರಿದದ್ದು ಕಿಲೋಮೀಟರುಗಟ್ಟಲೆ ದೂರ, ಹೊಳೆಯ ಮೇಲ್ಭಾಗದಲ್ಲಿ. ಆ ನೀರು ಒಟ್ಟಾಗಿ ಇಕ್ಕಟ್ಟಿಗೆ ಬಂದಾಗ ಓಡಿಹೋಗಲು ಅವರಿಗೆ ಜಾಗವೇ ಇರಲಿಲ್ಲ. ಅಂದಿದ್ದ ಮರದ ಏಣಿಗಳ ಜಾಗದಲ್ಲಿ ಈಗ ಬಂಡೆಗೆ ಬೋಲ್ಟ್ ಹಾಕಿ ಬಿಗಿದ ಲೋಹದ ಮೆಟ್ಟಿಲುಗಳಿವೆ.

2015ರ ಸೆಪ್ಟೆಂಬರ್ 14ರಂದು ಯೂಟಾದ ಜಯಾನ್ ಉದ್ಯಾನದ ಕೀಹೋಲ್ ಕಮರಿಯಲ್ಲಿ ಏಳು ಜನ ಹೀಗೇ ಸತ್ತರು. ದಿಢೀರ್ ಪ್ರವಾಹದ ಸಂಭವ ಹೆಚ್ಚಿದೆ ಎಂಬ ಸೂಚನೆ ಅಂದು ಇತ್ತು. ಮುನ್ಸೂಚನೆಯನ್ನು ನೋಡಿಯೂ ಹೊರಡುವುದು ಎಷ್ಟು ಸುಲಭ ಅನ್ನುವುದು ನನ್ನನ್ನು ಬಹಳ ಕಾಡುತ್ತದೆ. ರಜೆ ಹಾಕಿರುತ್ತೇವೆ, ದೂರದಿಂದ ಬಂದಿರುತ್ತೇವೆ, ಎದುರಿಗೆ ಬಿಸಿಲು ಬಿದ್ದಿರುತ್ತದೆ. ನಿಮ್ಮ ತಲೆಯ ಮೇಲಿನ ಹವಾಮಾನ ನೋಡಬೇಡಿ. ನಕ್ಷೆಯಲ್ಲಿ ಹೊಳೆ ಎಲ್ಲಿಂದ ಇಳಿಯುತ್ತದೆ ಎಂದು ಮೊದಲೇ ಹುಡುಕಿ, ಆ ಜಾಗದ ಮುನ್ಸೂಚನೆ ನೋಡಿ. ಹೊರಡುವ ಬೆಳಗ್ಗೆ ಅಲ್ಲಿನ ಸಿಬ್ಬಂದಿಯನ್ನೂ ಕೇಳಿ. ಅವರು ಬೇಡ ಅಂದರೆ ಬೇಡ.

ವರ್ಷಕ್ಕೆ ಐದು ಸೆಂಟಿಮೀಟರ್ ಮಳೆ ಬೀಳುವ ಕಡೆ ಪ್ರವಾಹ ಎಲ್ಲಿಂದ ಬರಬೇಕು?

ಆ ಐದು ಸೆಂಟಿಮೀಟರ್ ವರ್ಷವಿಡೀ ಹನಿಹನಿಯಾಗಿ ಬೀಳುವುದಿಲ್ಲ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಮಳೆ ಡೆತ್ ವ್ಯಾಲಿಯ ಫರ್ನೆಸ್ ಕ್ರೀಕ್‌ನಲ್ಲಿ ಒಂದೇ ದಿನಕ್ಕೆ 56 ಮಿಲಿಮೀಟರ್ ಸುರಿಯಿತು. ಅದು ಅಲ್ಲಿನ ಒಂದು ವರ್ಷದ ಸರಾಸರಿ ಮಳೆ. ರಸ್ತೆಗಳು ಕೊಚ್ಚಿಹೋದವು, ಉದ್ಯಾನವನ್ನು ವಾರಗಟ್ಟಲೆ ಮುಚ್ಚಬೇಕಾಯಿತು. ಬಂಡೆ ನೆಲಕ್ಕೆ ನೀರು ಹೀರುವ ಗುಣವಿಲ್ಲ. ಬಯಲಿನಲ್ಲಿ ಪಾದ ಮುಳುಗುವಷ್ಟು ಹರಿದ ನೀರು ಎರಡು ಮೀಟರ್ ಅಗಲದ ಸಂದಿಗೆ ಬಂದಾಗ ಅಗಲ ಸಿಗದೆ ಮೇಲಕ್ಕೇಳುತ್ತದೆ. ರಭಸವಾಗಿ ಹರಿಯುವ 15 ಸೆಂಟಿಮೀಟರ್ ನೀರೇ ದೊಡ್ಡವರನ್ನು ಕೆಡವಬಲ್ಲದು.

ನೀರು ಬರುವ ಮುಂಚೆ ಏನಾದರೂ ಸುಳಿವು ಸಿಗುತ್ತಾ?

ಕೆಲವೊಮ್ಮೆ ಸಿಗುತ್ತದೆ. ಹರಿಯುತ್ತಿದ್ದ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಗೆ ಕದಡುವುದು, ಕಡ್ಡಿ ಕಸ ತೇಲಿ ಬರುವುದು, ಮೇಲಿನಿಂದ ತಣ್ಣನೆಯ ಗಾಳಿ ಬೀಸುವುದು, ದೂರದಲ್ಲಿ ರೈಲು ಬರುವಂಥ ಸದ್ದು. ಇವುಗಳಲ್ಲಿ ಯಾವುದು ಕಂಡರೂ ಚೀಲದ ಆಸೆ ಬಿಟ್ಟು ಕೂಡಲೇ ಎತ್ತರಕ್ಕೆ ಹತ್ತಿ. ಕಮರಿಯ ಬಾಯಿಯ ಕಡೆ ಓಡಬೇಡಿ. ನೀರು ನಿಮಗಿಂತ ವೇಗವಾಗಿ ಬರುತ್ತದೆ, ನಾಲ್ಕು ಆಳೆತ್ತರ ಮೇಲೇರುವುದೇ ಹೆಚ್ಚು ಉಪಯೋಗ.

ಆದರೆ ಈ ಸುಳಿವುಗಳನ್ನು ನಂಬಿಕೊಂಡು ಹೋಗಬಾರದು, ತಿರುವಿನ ಆಚೆ ಏನಿದೆ ಅನ್ನುವುದು ನೀರು ಬಂದಾಗಲೇ ತಿಳಿಯಬಹುದು. ನಡೆಯುವಾಗ ಗೋಡೆಯನ್ನು ಓದುತ್ತಾ ಹೋಗಿ. ತಲೆಗಿಂತ ಎಷ್ಟೋ ಮೇಲೆ, ಎರಡು ಗೋಡೆಗಳ ನಡುವೆ ಒಂದು ಒಣಗಿದ ಮರದ ದಿಮ್ಮಿ ಸಿಕ್ಕಿಹಾಕಿಕೊಂಡಿರುತ್ತದೆ. ಯಾವುದೋ ಒಂದು ದಿನ ನೀರು ಅಷ್ಟೆತ್ತರಕ್ಕೆ ಹರಿದಿತ್ತು. ಅದಕ್ಕಿಂತ ಮೇಲೆ ಹತ್ತಿ ನಿಲ್ಲಬಹುದಾದ ಜಾಗ ಕೊನೆಯದಾಗಿ ಎಲ್ಲಿ ಕಂಡಿತು ಎಂದು ಪ್ರತಿ ತಿರುವಿನಲ್ಲೂ ನೆನಪಿಟ್ಟುಕೊಳ್ಳಿ.

ಯಾವ ತಿಂಗಳಲ್ಲಿ ಹೋದರೆ ಒಳ್ಳೇದು?

ಊರಿಂದ ಊರಿಗೆ ಲೆಕ್ಕ ಬೇರೆ. ಅಮೆರಿಕದ ನೈಋತ್ಯ ಭಾಗದಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗುಮಳೆಯ ಕಾಲ. ಏಪ್ರಿಲ್, ಮೇ, ಅಕ್ಟೋಬರ್ ಹಿತ. ಡೆತ್ ವ್ಯಾಲಿಗಾದರೆ ನವೆಂಬರ್‌ನಿಂದ ಮಾರ್ಚ್. ಜೋರ್ಡಾನಿನಲ್ಲಿ ಇದು ತಿರುಗುಮುರುಗು: ಬೇಸಿಗೆಯಲ್ಲಿ ಒಣ, ಮಳೆ ಬರುವುದು ಅಕ್ಟೋಬರ್‌ನಿಂದ ವಸಂತದವರೆಗೆ. ಯಾವ ತಿಂಗಳೂ ಪೂರ್ತಿ ಭರವಸೆ ಕೊಡುವುದಿಲ್ಲ.

ಪೆಟ್ರಾದಲ್ಲಿ ಅಣೆಕಟ್ಟು ಇದೆಯಲ್ಲ, ಅಲ್ಲಿ ಭಯ ಇಲ್ಲ ತಾನೆ?

ಭಯ ಕಡಿಮೆ, ಇಲ್ಲವೆನ್ನುವಂತಿಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿದ್ದ ನಬಾತಿಯರು ನೀರನ್ನು ಚೆನ್ನಾಗಿ ಬಲ್ಲವರು. ಸೀಕ್‌ನ ಬಾಯಿಗೆ ಅಡ್ಡಲಾಗಿ ಕಟ್ಟೆ ಹಾಕಿ, ಬಂಡೆಯಲ್ಲಿ ಸುರಂಗ ಕೊರೆದು ಪ್ರವಾಹವನ್ನು ಪಕ್ಕಕ್ಕೆ ತಿರುಗಿಸಿದ್ದರು. ಕುಡಿಯುವ ನೀರನ್ನು ಮಾತ್ರ ಗೋಡೆಯಲ್ಲಿ ಕಡೆದ ಕಾಲುವೆ ಮತ್ತು ಸುಟ್ಟ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಒಯ್ದರು. ನಡೆಯುವಾಗ ಸೊಂಟದ ಮಟ್ಟದಲ್ಲಿ ಆ ಕಾಲುವೆ ಇಂದಿಗೂ ಕಾಣುತ್ತದೆ. ಕಾಲಾಂತರದಲ್ಲಿ ಕಟ್ಟೆ ಹಾಳಾಯಿತು. 1963ರ ಏಪ್ರಿಲ್‌ನಲ್ಲಿ ಸೀಕ್‌ಗೆ ನುಗ್ಗಿದ ನೀರಿಗೆ ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗರು ಸಿಕ್ಕಿ ಸತ್ತರು. ಅದರ ನಂತರ ಅಣೆಕಟ್ಟನ್ನು ಮತ್ತೆ ಕಟ್ಟಲಾಯಿತು. ಆದರೂ 2018ರ ನವೆಂಬರ್‌ನ ಪ್ರವಾಹದಲ್ಲಿ ಸಾವಿರಾರು ಪ್ರವಾಸಿಗರನ್ನು ಪೆಟ್ರಾದಿಂದ ಹೊರಗೆ ಕಳಿಸಬೇಕಾಯಿತು.

## ಒಳಗೆ ನಡೆಯುವಾಗ

ನನಗೆ ಇಕ್ಕಟ್ಟಿನ ಜಾಗ ಅಂದರೆ ಉಸಿರು ಕಟ್ಟಿದ ಹಾಗಾಗುತ್ತೆ. ಹೋಗಬಹುದಾ?

ಕಮರಿ ಗುಹೆಯಂತಲ್ಲ, ಮೇಲೆ ಆಕಾಶ ತೆರೆದಿರುತ್ತದೆ. ಗಾಳಿಗೆ ಕೊರತೆಯಿಲ್ಲ. ಹಲವರಿಗೆ ಇಷ್ಟು ಗೊತ್ತಾದರೆ ಸಾಕಾಗುತ್ತದೆ. ಮೂರು ಮೀಟರಿನಷ್ಟಾದರೂ ಅಗಲವಿರುವ ಸೀಕ್ ಅಥವಾ ಸ್ಟ್ಯಾಂಡ್ಲಿಯಿಂದ ಶುರು ಮಾಡಿ, ಜನ ಕಡಿಮೆ ಇರುವ ಬೆಳಗಿನ ಹೊತ್ತು ಆರಿಸಿಕೊಳ್ಳಿ. ಗುಂಪಿನ ನಡುವೆ ಸಿಕ್ಕಿಕೊಳ್ಳುವುದು ಗೋಡೆಗಳಿಗಿಂತ ಹೆಚ್ಚು ಕಷ್ಟ ಕೊಡುತ್ತದೆ. ಭುಜ ಓರೆ ಮಾಡಿ ತೂರಬೇಕಾದ ಕಮರಿಗಳೂ ಇವೆ, ಅವು ಈಗಲೇ ಬೇಡ.

ಹಾವು, ಚೇಳು?

ಇರುತ್ತವೆ. ಅವಕ್ಕೂ ನೆರಳು ಬೇಕು. ಕಣ್ಣಿಗೆ ಕಾಣದ ಸಂದಿಗೆ, ಅಂಚಿಗೆ ಕೈ ಹಾಕಬೇಡಿ. ಇದೊಂದು ನಿಯಮ ಪಾಲಿಸಿದರೆ ಬಹುಪಾಲು ಅಪಾಯ ಮುಗಿಯಿತು.

ಬಂಡೆಯ ಗುಂಡಿಯಲ್ಲಿ ನೀರು ನಿಂತಿತ್ತು. ಕಾಲು ತೊಳೆಯಬಹುದಾ?

ದಯವಿಟ್ಟು ಬೇಡ. ಸ್ವಲ್ಪ ಹೊತ್ತು ಬಗ್ಗಿ ನೋಡಿ. ತಳದ ಕೆಸರಿನಲ್ಲಿ ಗೊದಮೊಟ್ಟೆಯಂತೆ ಕಾಣುವ, ಬೆನ್ನಿಗೆ ಚಿಪ್ಪು ಹೊದ್ದ ಪುಟ್ಟ ಜೀವಿಗಳು ಓಡಾಡುತ್ತಿರಬಹುದು. ಟ್ರಯಾಪ್ಸ್ ಎಂಬ ಸಿಗಡಿಯ ದೂರದ ಸಂಬಂಧಿಗಳು ಅವು. ಇವುಗಳ ಮೊಟ್ಟೆ ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದು, ಮಳೆ ಬಂದ ಕೂಡಲೇ ಒಡೆಯುತ್ತದೆ. ಗುಂಡಿ ಬತ್ತುವ ಮೊದಲು, ಕೆಲವೇ ವಾರಗಳಲ್ಲಿ ಬೆಳೆದು ಮತ್ತೆ ಮೊಟ್ಟೆಯಿಟ್ಟು ಸಾಯಬೇಕು. ನಮ್ಮ ಕೈಕಾಲಿಗೆ ಹಚ್ಚಿದ ಸನ್‌ಸ್ಕ್ರೀನ್, ಕೀಟನಿವಾರಕ ಎಣ್ಣೆ ಅಷ್ಟು ಸಣ್ಣ ನೀರಿಗೆ ಸೇರಿದರೆ ಅವುಗಳ ಗತಿ ಮುಗಿಯಿತು. ಕಾಡುಪ್ರಾಣಿಗಳಿಗೂ ಸುತ್ತಮುತ್ತ ಕುಡಿಯಲು ಅದೊಂದೇ ನೀರಿರಬಹುದು.

ಫೋಟೊದಲ್ಲಿ ಕಾಣುವ ಕಿತ್ತಳೆ ಬೆಳಕು ನಿಜವಾ, ಎಡಿಟ್ ಮಾಡಿದ್ದಾ?

ಬಣ್ಣ ಏರಿಸಿದ ಫೋಟೊಗಳು ಬಹಳ ಇವೆ, ಆದರೆ ಬೆಳಕು ನಿಜ. ಮೇಲಂಚಿಗೆ ಬಿದ್ದ ಬಿಸಿಲು ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿಯುತ್ತಾ ಇಳಿಯುತ್ತದೆ, ಪ್ರತಿ ಸಲವೂ ಕೆಂಪು ಕಲ್ಲಿನ ಬಣ್ಣ ಇನ್ನಷ್ಟು ಮೆತ್ತಿಕೊಳ್ಳುತ್ತದೆ. ಬಿಸಿಲು ತಲುಪದ ಮೂಲೆಗೆ ನೀಲಿ ಆಕಾಶದ ಬೆಳಕಷ್ಟೇ ಇಳಿದು, ಅಲ್ಲಿ ಕಲ್ಲು ನೇರಳೆಯಾಗುತ್ತದೆ. ಚಿತ್ರ ತೆಗೆಯುವಾಗ ಆಕಾಶದ ಪಟ್ಟಿ ಚೌಕಟ್ಟಿಗೆ ಬಾರದಂತೆ ನೋಡಿಕೊಳ್ಳಿ, ಬಂದರೆ ಕ್ಯಾಮೆರಾ ಗೋಡೆಯನ್ನು ಕಪ್ಪಾಗಿಸುತ್ತದೆ. ಸ್ಟ್ಯಾಂಡ್ಲಿಯ ಗೋಡೆಗಳು ಉರಿಯುವಂತೆ ಕಾಣುವುದು ನಡುಹಗಲಿನ ಸ್ವಲ್ಪ ಹೊತ್ತು ಮಾತ್ರ. ಡ್ರೋನ್ ಅನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ನಿಷೇಧಿಸಿದ್ದಾರೆ.

ಗೋಡೆಯ ಮೇಲೆ ಯಾರೋ ಹೆಸರು ಕೆತ್ತಿದ್ದರು. ಉಜ್ಜಿ ಅಳಿಸೋಣ ಅನ್ನಿಸಿತು, ಸರಿನಾ?

ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಉಜ್ಜಬೇಡಿ. ಬಂಡೆಯ ಮೇಲೆ ಕಾಣುವ ಕಪ್ಪು, ಕಂದು ಪದರ ಜೇಡಿ, ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳಿಂದ ಸಾವಿರಾರು ವರ್ಷಗಳಲ್ಲಿ ಕಟ್ಟಿಕೊಂಡದ್ದು, ಕಾಗದಕ್ಕಿಂತ ತೆಳು. ಉಜ್ಜಿದರೆ ಹೆಸರಿನ ಜೊತೆ ಅದೂ ಹೋಗಿ, ಗಾಯ ದೊಡ್ಡದಾಗುತ್ತದೆ. ಜಾಗ ಗುರುತಿಟ್ಟುಕೊಂಡು ನಿರ್ವಾಹಕರಿಗೆ ತಿಳಿಸಿ. ಈ ಕಮರಿಗಳಲ್ಲಿ ಹಲವು ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರ. ನಾವು ಅಲ್ಲಿ ಅತಿಥಿಗಳು.

## ಪಳಗಿದವರು ಕೇಳುವುದು

ಅಡ್ಡಬಂಡೆ ಬಂದರೆ ಹತ್ತಿ ಮುಂದೆ ಹೋಗೋದಾ, ಹಿಂದೆ ಬರೋದಾ?

ಹತ್ತಲು ಆಗುತ್ತದಾ ಅನ್ನುವುದಕ್ಕಿಂತ ಇಳಿಯಲು ಆಗುತ್ತದಾ ಎಂದು ಕೇಳಿಕೊಳ್ಳಿ. ಹತ್ತುವಾಗ ಹಿಡಿತಗಳು ಕಣ್ಣೆದುರಿಗಿರುತ್ತವೆ, ಇಳಿಯುವಾಗ ಕಾಲು ಕುರುಡಾಗಿ ತಡಕಬೇಕು. ಮೊದಲು ಅರ್ಧ ಹತ್ತಿ, ಇಳಿದು ನೋಡಿ. ಮೇಲಿನಿಂದ ಕೆಳಗೆ ಹೋಗುವ ಕಮರಿಯಲ್ಲಿ ಇದು ಇನ್ನೂ ಕಠಿಣ. ನುಣುಪು ಇಳಿಜಾರಿನಲ್ಲಿ ಒಮ್ಮೆ ಜಾರಿ ಇಳಿದರೆ ವಾಪಸ್ ಹತ್ತಲಾಗದೆ, ಮುಂದಿನ ಇಳಿತವೂ ಆಗದೆ ನಡುವೆ ಸಿಕ್ಕಿಬೀಳುತ್ತೀರಿ. ಗೋಡೆಗಳ ನಡುವೆ ಸಿಕ್ಕಿ ನಿಂತ ಬಂಡೆ ಭದ್ರ ಎಂದು ನಂಬಿ ಪೂರ್ತಿ ಭಾರ ಹಾಕಬೇಡಿ.

ಕವಲುಗಳಲ್ಲಿ ದಾರಿ ತಪ್ಪದ ಹಾಗೆ ಏನು ಮಾಡಬೇಕು?

ಕೆಳಗಿನಿಂದ ಮೇಲೆ ಹೋದರೆ ವಾಪಸಾತಿ ಸುಲಭ, ಎಲ್ಲ ಕವಲೂ ಒಂದೇ ಹೊಳೆಗೆ ಸೇರುತ್ತವೆ. ಮೇಲಿನಿಂದ ಇಳಿದು ಹೋದಾಗಲೇ ತೊಂದರೆ. ಇಳಿಯುವಾಗ ಪಕ್ಕದಿಂದ ಕೂಡಿಕೊಂಡ ಕವಲನ್ನು ಗಮನಿಸಿರುವುದಿಲ್ಲ, ಮರಳುವಾಗ ಅದೇ ಎರಡು ಬಾಗಿಲಾಗಿ ಎದುರಿಗೆ ನಿಲ್ಲುತ್ತದೆ. ಪ್ರತಿ ಕೂಡಿಕೆಯಲ್ಲೂ ನಿಂತು ಹಿಂದೆ ತಿರುಗಿ ಫೋಟೊ ತೆಗೆದುಕೊಳ್ಳಿ. ಜಿಪಿಎಸ್ ನಂಬಿಕೊಳ್ಳಬೇಡಿ. ಕಾಣುವ ಆಕಾಶವೇ ಸಣ್ಣದು, ಸಿಗ್ನಲ್ ಗೋಡೆಗೆ ತಾಗಿ ಪುಟಿದು ಬರುವುದರಿಂದ ನಕ್ಷೆಯಲ್ಲಿ ನೀವು ಪಕ್ಕದ ಗುಡ್ಡದ ಮೇಲೆ ಇರುವಂತೆ ತೋರಿಸುತ್ತದೆ.

ಒಬ್ಬನೇ ಹೋಗಿ ಅಭ್ಯಾಸ ಇದೆ. ಅದರಲ್ಲಿ ತಪ್ಪೇನು?

2003ರ ಏಪ್ರಿಲ್‌ನಲ್ಲಿ ಆರನ್ ರಾಲ್‌ಸ್ಟನ್ ಯೂಟಾದ ಬ್ಲೂಜಾನ್ ಕಮರಿಗೆ ಒಬ್ಬರೇ ಹೋಗಿದ್ದರು, ಎಲ್ಲಿಗೆಂದು ಯಾರಿಗೂ ಹೇಳಿರಲಿಲ್ಲ. ಉರುಳಿದ ಬಂಡೆಗೆ ಬಲಗೈ ಸಿಕ್ಕಿತು. ಐದು ದಿನಗಳ ನಂತರ ಆ ಕೈಯನ್ನು ತಾವೇ ಕತ್ತರಿಸಿಕೊಂಡು ಹೊರಬಂದರು. ಅವರು ಅನುಭವವಿಲ್ಲದವರಲ್ಲ. ಒಬ್ಬರೇ ಹೋಗಲೇಬೇಕಿದ್ದರೆ ಯಾವ ಕಮರಿ, ಯಾವ ಬಾಯಿಯಿಂದ ಒಳಗೆ, ಎಷ್ಟು ಗಂಟೆಗೆ ಹೊರಗೆ, ಎಷ್ಟು ಹೊತ್ತಿನ ಮೇಲೆ ಯಾರಿಗೆ ಫೋನ್ ಮಾಡಬೇಕು ಎಂದು ಬರೆದು ಒಬ್ಬರ ಕೈಗೆ ಕೊಟ್ಟು ಹೋಗಿ. ಒಳಗೆ ಮೊಬೈಲ್ ಸಿಗ್ನಲ್ ಇರುವುದಿಲ್ಲ.

ಮರಳಿನ ಹುದುಲಲ್ಲಿ ಕಾಲು ಹೂತರೆ?

ಪೂರ್ತಿ ಮುಳುಗುವುದಿಲ್ಲ, ನಮ್ಮ ಮೈ ಅದಕ್ಕಿಂತ ಹಗುರ. ಜಗ್ಗಿದಷ್ಟೂ ಬಿಗಿಯುತ್ತದೆ. ಚೀಲ ಕಳಚಿ, ಹಿಂದಕ್ಕೆ ಒರಗಿ, ಕಾಲನ್ನು ಸಣ್ಣಗೆ ಅಲ್ಲಾಡಿಸಿದರೆ ಸುತ್ತ ನೀರು ಇಳಿದು ಮರಳು ಸಡಿಲವಾಗುತ್ತದೆ. ಆಮೇಲೆ ಒಂದೊಂದೇ ಕಾಲು ನಿಧಾನಕ್ಕೆ ಎಳೆದುಕೊಳ್ಳಿ.

ಪ್ರವಾಹ ಬಂತು, ಎತ್ತರಕ್ಕೆ ಹತ್ತಿ ಕೂತೆವು ಅಂದುಕೊಳ್ಳಿ. ಯಾವಾಗ ಇಳಿಯಬಹುದು?

ಮೊದಲ ಅಲೆ ಇಳಿದ ಕೂಡಲೇ ಅಲ್ಲ. ಮೇಲೆ ಬೇರೆ ಬೇರೆ ಕವಲುಗಳ ನೀರು ಬೇರೆ ಬೇರೆ ಹೊತ್ತಿಗೆ ಬರುತ್ತದೆ, ಎರಡನೆಯ ಅಲೆ ಮೊದಲನೆಯದಕ್ಕಿಂತ ದೊಡ್ಡದಿರಬಹುದು. ಹರಿವು ಮೊಣಕಾಲಿಗಿಂತ ಕೆಳಗಿಳಿದು, ಕದಡು ಕಡಿಮೆಯಾಗಿ ತಳ ಕಾಣುವವರೆಗೆ ಕಾಯಿರಿ. ಅದಕ್ಕೆ ಕೆಲವು ಗಂಟೆ ಸಾಕಾಗಬಹುದು, ರಾತ್ರಿಯಿಡೀ ಬೇಕಾಗಲೂಬಹುದು. ಒದ್ದೆ ಬಟ್ಟೆಯಲ್ಲಿ ಮರುಭೂಮಿಯ ರಾತ್ರಿ ಮೈ ನಡುಗಿಸುತ್ತದೆ. ಅದಕ್ಕೇ ಸಣ್ಣ ನಡಿಗೆಗೂ ಒಂದು ಬೆಚ್ಚನೆಯ ಅಂಗಿ, ತಲೆಗೆ ಕಟ್ಟುವ ಟಾರ್ಚ್, ಒಂದು ಸೀಟಿ ಚೀಲದಲ್ಲಿ ಇಟ್ಟುಕೊಳ್ಳಿ ಎನ್ನುವುದು. ಇಳಿದ ಮೇಲೆ ಬಂದ ದಾರಿ ಹಾಗೇ ಇರುತ್ತದೆಂದು ಭಾವಿಸಬೇಡಿ. ಮರಳು ಕೊಚ್ಚಿಹೋಗಿ, ಹತ್ತುವಾಗ ಮಂಡಿ ಮಟ್ಟದಲ್ಲಿದ್ದ ಮೆಟ್ಟಿಲು ಆಳೆತ್ತರದ ಜಿಗಿತವಾಗಿರಬಹುದು. ಹಾಗಿದ್ದರೆ ಜಿಗಿಯದೆ ಅಲ್ಲೇ ಕಾಯುತ್ತಾ, ನಿಮಿಷಕ್ಕೊಮ್ಮೆ ಮೂರು ಸಲ ಸೀಟಿ ಊದುತ್ತಿರಿ.